ಕಾಲ್ಗಡಗ ಬಿಗಿಯಾದ ವರ್ಷ

ಯಾರ ಮಗುವನ್ನೇ ನನ್ನ ಮಡಿಲಿಗೆ ಕೊಡಲಿ, ನಾನು ಮೊದಲು ಮಾಡುವ ಕೆಲಸ ಒಂದೇ. ಮೊಣಕಾಲಿನ ಕೆಳಗೆ, ಮೂಳೆ ಕೈಗೆ ಸಿಗುವ ಜಾಗದಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿಯುತ್ತೇನೆ. ಮನಸ್ಸಿನಲ್ಲೇ ಐದು ಎಣಿಸಿ ಬೆರಳು ತೆಗೆಯುತ್ತೇನೆ. ಮಗುವಿನ ಮುಖ ನೋಡುವುದು ಆಮೇಲೆ. "ಅಜ್ಜಿ ಸಂತೇಲಿ ಹಣ್ಣು ಒತ್ತಿ ನೋಡೋ ಹಾಗೆ ಮಕ್ಕಳನ್ನ ನೋಡ್ತಾರೆ" ಅಂತ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನೂ ಬೇಜಾರಿಲ್ಲ.

ಮೊನ್ನೆ ನಮ್ಮ ಬೀದಿಯ ಒಬ್ಬಳು ಹುಡುಗಿ, ಮೊದಲ ಮಗುವಿನ ತಾಯಿ, ಅಂಗಡಿಯ ಮುಂದೆ ಸಿಕ್ಕಿದಳು. ಮಗುವಿಗೆ ಭೇದಿಯಾಗಿ ಹತ್ತು ದಿನವಾಯಿತಂತೆ. "ಗಂಜಿ ನೀರು ಬಿಟ್ಟು ಏನೂ ಕೊಟ್ಟಿಲ್ಲ ಆಂಟಿ, ತುಂಬಾ ಸ್ಟ್ರಿಕ್ಟಾಗಿದೀನಿ" ಅಂತ ಹೆಮ್ಮೆಯಿಂದ ಹೇಳಿದಳು. ಅವಳಿಗೆ ಅಲ್ಲೇ ನಿಂತು ಏನು ಹೇಳಬೇಕೋ ಹೇಳಿದೆ, ಡಾಕ್ಟರ ಹತ್ತಿರ ಕಳಿಸಿದೆ. ಮನೆಗೆ ಬಂದ ಮೇಲೆ ಇದನ್ನು ಬರೆಯಲು ಕೂತೆ. ನಾನು ಮಿಡ್ಲ್ ಸ್ಕೂಲಿನವರೆಗೆ ಓದಿದವಳು, ಬರವಣಿಗೆ ನನ್ನ ಕಸುಬಲ್ಲ. ತಪ್ಪಿದ್ದರೆ ಓದುವವರು ಸಹಿಸಿಕೊಳ್ಳಬೇಕು.

ನಾನು ಮದುವೆಯಾಗಿ ತಣಿಸಂದ್ರಕ್ಕೆ ಬಂದಾಗ ನನಗೆ ಹದಿನೇಳು. ಆಗ ಅದು ರಾಗಿ ಹೊಲ, ದ್ರಾಕ್ಷಿ ಚಪ್ಪರ, ತರಕಾರಿ ಮಡಿಗಳ ಊರು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಪಿಳ್ಳಮ್ಮ, ಮೂರೇ ಜನ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಯಜಮಾನರು ಬೆಳಿಗ್ಗೆ ಹಾಲು ಕರೆದು, ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು, ಪಟ್ಟಣದ ಹೋಟೆಲಿಗೆ ಹಾಕಿ ಬರುತ್ತಿದ್ದರು. ಮನೆಗೆ ಅಂತ ಒಂದು ಚೊಂಬು ಉಳಿಯುತ್ತಿತ್ತು, ಅದನ್ನು ಹೆಪ್ಪು ಹಾಕುತ್ತಿದ್ದೆವು. ಮಜ್ಜಿಗೆ ಯಜಮಾನರಿಗೂ ಆಳುಗಳಿಗೂ ಆಗುತ್ತಿತ್ತು. ಇದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಆಗ ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೊದಲ ಮಗಳು ಜಯ. ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಚೆನ್ನಾಗಿದ್ದಳು. ಅಂಬೆಗಾಲಲ್ಲಿ ಕೊಟ್ಟಿಗೆಗೆ ನುಗ್ಗುವುದು, ಬೂದಿ ತಿನ್ನುವುದು, ಅಜ್ಜಿಯ ಸೆರಗು ಎಳೆಯುವುದು, ಒಂದು ಗಳಿಗೆ ಕೂತಲ್ಲಿ ಕೂರದ ಮಗು. ಅತ್ತೆ ಅವಳ ಕಾಲಿಗೆ ಬೆಳ್ಳಿಯ ಕಾಲ್ಗಡಗ ಮಾಡಿಸಿ ಹಾಕಿದ್ದರು. ಅವಳಿಗೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ನಾನು ಮತ್ತೆ ಬಸುರಿಯಾದೆ. ಬಸುರಿಯ ಎದೆಹಾಲು ಮಗುವಿಗೆ ಆಗುವುದಿಲ್ಲ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬೇವಿನೆಲೆ ಅರೆದು ಎದೆಗೆ ಹಚ್ಚಿಕೊಂಡೆ. ಜಯ ಬಾಯಿಟ್ಟಳು, ಮುಖ ಕಿವುಚಿದಳು, ನನ್ನನ್ನು ಒಂದು ಸಲ ನೋಡಿ ಅತ್ತಳು. ಮೂರು ದಿನದಲ್ಲಿ ಹಾಲು ಬಿಟ್ಟಿತು ಮಗು. ಎಷ್ಟು ಸುಲಭವಾಗಿ ಬಿಡಿಸಿದಳು ಅಂತ ಅತ್ತೆ ನನ್ನನ್ನು ಹೊಗಳಿದರು.

ಆಮೇಲೆ ಒಂದು ತಿಂಗಳಲ್ಲೇ ದಡಾರ ಬಂತು. ನಮ್ಮ ಕಡೆ ಅದನ್ನು ಕಾಯಿಲೆ ಅನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮನೆಯಲ್ಲಿ ಒಗ್ಗರಣೆ ನಿಂತಿತು, ಬಾಡೂಟ ನಿಂತಿತು. ಮಗುವಿಗಂತೂ ಕಟ್ಟುನಿಟ್ಟಿನ ಪಥ್ಯ. ಹಾಲು ಕೊಟ್ಟರೆ ಕಫ, ಬೇಳೆ ಕೊಟ್ಟರೆ ವಾಯು, ಮೊಟ್ಟೆ ಕೊಟ್ಟರೆ ಉಷ್ಣ. ಉಳಿದದ್ದು ಅಕ್ಕಿ ಗಂಜಿ, ಸಬ್ಬಕ್ಕಿ ಗಂಜಿ. ಗುಳ್ಳೆಗಳು ಬಾಡಿದ ಮೇಲೆ ದಿನ ಬಿಟ್ಟು ದಿನ ಮೂರು ಸಲ ತಲೆಗೆ ನೀರು ಹಾಕಬೇಕು. ಮೂರನೆಯ ನೀರು ಬಿದ್ದು, ಗುಡಿಗೆ ತಂಬಿಟ್ಟಿನ ಆರತಿ ಹೋದ ಮೇಲೆ ಅಮ್ಮನನ್ನು ಕಳಿಸಿಕೊಟ್ಟ ಹಾಗೆ. ಪಥ್ಯ ಮುಗಿಯುವುದು ಆಗ.

ನಮ್ಮ ಜಯಳಿಗೆ ಎರಡು ನೀರು ಬಿತ್ತು. ಮೂರನೆಯ ನೀರಿನ ದಿನ ಬೆಳಿಗ್ಗೆ ಭೇದಿ ಶುರುವಾಯಿತು. ಹೊಟ್ಟೆ ಕೆಟ್ಟ ಮಗುವಿನ ತಲೆಗೆ ನೀರು ಹಾಕುವ ಹಾಗಿಲ್ಲ. ಮೂರನೆಯ ನೀರು ಬೀಳದೆ ಪಥ್ಯ ಬಿಡುವ ಹಾಗೂ ಇಲ್ಲ. ನಾಲ್ಕು ದಿನ ನಿಂತ ಹಾಗಾಗುತ್ತಿತ್ತು, ನೀರು ಕಾಯಿಸಬೇಕು ಅನ್ನುವಷ್ಟರಲ್ಲಿ ಮತ್ತೆ ಶುರು. ಹೀಗೆ ಒಂದು ವಾರದ ಪಥ್ಯ ಎರಡು ತಿಂಗಳು ನಡೆಯಿತು. ಎರಡು ತಿಂಗಳು ಮಗು ಗಂಜಿಯಲ್ಲೇ ಇತ್ತು. ಅತ್ತೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮೊಮ್ಮಗಳು ತಿನ್ನದ್ದನ್ನು ತಾನೂ ತಿನ್ನುವುದಿಲ್ಲ ಅಂತ ಆ ಎರಡು ತಿಂಗಳೂ ಅವರೂ ಬರೀ ಗಂಜಿ ಕುಡಿದರು. ಅಷ್ಟು ಪ್ರೀತಿ ಇದ್ದ ಮನೆಯಲ್ಲೇ ಇದೆಲ್ಲ ಆಗಿದ್ದು.

ಮಗು ಮಂಕಾಯಿತು. ಕೂರಿಸಿದರೆ ಕೂತಲ್ಲೇ ಕೂತಿರುತ್ತಿತ್ತು. ನಗು ಇಲ್ಲ, ಮಾತಿಲ್ಲ, ಹಟವಿಲ್ಲ. ಕೂದಲು ಕೆಂಚಗಾಗಿ ಬಾಚಿದರೆ ಕೈಗೆ ಬರುತ್ತಿತ್ತು. ನನಗೆ ಒಳಗೊಳಗೇ ಭಯ. ಅಷ್ಟರಲ್ಲಿ ಒಂದು ದಿನ ನೋಡುತ್ತೇನೆ, ಬತ್ತಿದ್ದ ಕೆನ್ನೆ ತುಂಬಿಕೊಂಡಿದೆ. ಕೈಕಾಲು ದುಂಡಗಾಗಿದೆ. ವಾರದಲ್ಲಿ ಕಾಲ್ಗಡಗ ಬಿಗಿಯಾಯಿತು. ನನಗಾದ ಸಂತೋಷ ಹೇಳತೀರದು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. "ಅಮ್ಮ ಹೋಗೋವಾಗ ಮೈ ತುಂಬಿಸಿ ಹೋಗವ್ಳೆ" ಅಂದರು ಅವರು.

ಅತ್ತೆ ಮಾತ್ರ ಯಾರೂ ಬಾಯಿ ಬಿಟ್ಟು ಹೇಳಬಾರದು ಅನ್ನುತ್ತಿದ್ದರು. ಮಗುವಿನ ಕೆನ್ನೆಗೂ ಅಂಗಾಲಿಗೂ ಕಪ್ಪು ಬೊಟ್ಟಿಟ್ಟು, "ನನ್ನ ಕೆಂಚಾನೂ ಇಂಗೇ ತುಂಬ್ಕೊಂಡಿದ್ದ ಕಣವ್ವ, ಊರ ಕಣ್ಣೆಲ್ಲ ಅವನ ಮ್ಯಾಲೇ ಬಿತ್ತು" ಅಂದರು. ಕೆಂಚ ಅಂದರೆ ಅವರ ಎರಡನೆಯ ಮಗ. ಎರಡು ವರ್ಷದವನಿದ್ದಾಗ ತೀರಿಕೊಂಡಿದ್ದ. ದಷ್ಟಪುಷ್ಟವಾಗಿದ್ದ ಮಗು ದೃಷ್ಟಿ ತಾಕಿ ಹೋಯಿತು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಕಡಗ ಕಾಲಿಗೆ ಒತ್ತಿ ಚರ್ಮ ಕೆಂಪಾದಾಗ, ಬಿಡಿಸಿಕೊಂಡು ಬರೋಣ ಅಂತ ನಾನೂ ಯಜಮಾನರೂ ಮಗುವನ್ನು ಯಲಹಂಕದ ಅಕ್ಕಸಾಲಿಯ ಹತ್ತಿರ ಕರೆದುಕೊಂಡು ಹೋದೆವು. ಕಡಗ ಮಾಡಿಕೊಟ್ಟವರೂ ಅವರೇ. ಎಲ್ಲರೂ ಆಚಾರ್ರು ಅನ್ನುತ್ತಿದ್ದರು. ನಾನು ಜಂಬದಿಂದಲೇ, "ದೊಡ್ಡದು ಮಾಡ್ಕೊಡಿ ಆಚಾರ್ರೇ, ಮಗು ಮೈ ಕೈ ತುಂಬ್ಕೊಂಡವ್ಳೆ" ಅಂದೆ. ಅವರು ಕನ್ನಡಕ ಏರಿಸಿ, ಕಡಗದ ಕೆಳಗೆ ಸಂದು ಮಾಡಲು ಹೆಬ್ಬೆರಳಿನಿಂದ ಮಗುವಿನ ಕಾಲು ಒತ್ತಿ ಹಿಡಿದರು. ಬೆರಳು ತೆಗೆದರು. ಒತ್ತಿದ ಜಾಗದಲ್ಲಿ ಕುಳಿ ಹಾಗೇ ಉಳಿದಿತ್ತು. ಮಗು ಅಳಲೂ ಇಲ್ಲ.

ಆಚಾರ್ರು ಇನ್ನೊಂದು ಕಡೆ ಒತ್ತಿದರು. ಅಲ್ಲೂ ಕುಳಿ.

"ತಾಯೀ, ನಲವತ್ತು ವರ್ಷದಿಂದ ಮಕ್ಕಳ ಕೈಕಾಲಿಗೆ ಅಳತೆ ತಗೋತಾ ಇದೀನಿ" ಅಂದರು. "ಮಾಂಸ ಬೆಳೆದ ಕಾಲು ನನ್ನ ಬೆರಳಿಗೆ ಗೊತ್ತಾಗುತ್ತೆ. ಇದು ಮಾಂಸ ಅಲ್ಲ. ನೀರು."

ಕಡಗ ಕತ್ತರಿಸಿ ತೆಗೆದರು. ಹೊಸದಕ್ಕೆ ಅಳತೆ ತೆಗೆದುಕೊಳ್ಳಲಿಲ್ಲ. "ಇದು ನನ್ನ ಹತ್ತಿರಾನೇ ಇರ್ಲಿ. ಮೊದ್ಲು ಮಗೂನ ದೊಡ್ಡಾಸ್ಪತ್ರೆಗೆ ತೋರಿಸಿ. ಗುಣ ಆದ್ಮೇಲೆ ಬನ್ನಿ, ಬೆಸುಗೆ ಹಾಕ್ಕೊಡ್ತೀನಿ" ಅಂದರು. ಇಷ್ಟು ದಿನ ಊರಿಗೆಲ್ಲ ತೋರಿಸಿ ಬೀಗಿದ್ದ ನಾನು ಆ ಜಗುಲಿಯ ಮೇಲೆ ಕೂತಲ್ಲೇ ಬೆವೆತುಹೋದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅಕ್ಕಸಾಲೀಗೆ ಬೆಳ್ಳಿ ಗೊತ್ತು, ಮಗು ಗೊತ್ತಾ?" ಅಂದರು. ನಾನು ಮಗುವಿನ ಕಾಲು ಒತ್ತಿ ಕುಳಿ ತೋರಿಸಲು ಹೋದೆ. ಅತ್ತೆ ಥಟ್ಟನೆ ಮುಖ ತಿರುಗಿಸಿಕೊಂಡು ಒಲೆಯ ಕಡೆ ಹೋದರು. ಒಂದು ಸಲ ನೋಡಲೂ ಇಲ್ಲ. ನನಗೆ ಬಹಳ ಕೋಪ ಬಂತು. ಅವರು ಯಾಕೆ ನೋಡಲಿಲ್ಲ ಅನ್ನುವುದು ನನಗೆ ತಿಳಿಯಲು ಇನ್ನೂ ಎರಡು ತಿಂಗಳು ಹಿಡಿಯಿತು.

ಮಾರನೆಯ ದಿನ ಹೆಬ್ಬಾಳದವರೆಗೆ ಗಾಡಿ, ಅಲ್ಲಿಂದ ಬಸ್ಸು. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದೆವು. ಎಡಕ್ಕೂ ಬಲಕ್ಕೂ ತಾಯಂದಿರು, ಎಲ್ಲರ ಮಡಿಲಲ್ಲೂ ಮಕ್ಕಳು. ಯಾರೋ ನನ್ನ ಕಡೆ ನೋಡಿ, "ನಿಮ್ಮ ಮಗೂಗೆ ಏನಾಗಿದೆ, ಗುಂಡುಗುಂಡಾಗಿದೆಯಲ್ಲ" ಅಂದರು. ಎರಡು ದಿನದ ಹಿಂದೆ ಈ ಮಾತು ಕೇಳಿದ್ದರೆ ಕುಣಿದಾಡುತ್ತಿದ್ದೆ. ಈಗ ಸೆರಗಿನಿಂದ ಮಗುವಿನ ಕಾಲು ಮುಚ್ಚಿದೆ.

ನೋಡಿದವರು ಒಬ್ಬ ಲೇಡಿ ಡಾಕ್ಟರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಅಷ್ಟೇ. ಕಾಯಿಲೆಯ ಹೆಸರು ಉದ್ದವಾಗಿತ್ತು, ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಅವರು ಕೇಳಿದ ಪ್ರಶ್ನೆಗಳು ಮಾತ್ರ ನೆನಪಿವೆ.

"ಮಗು ಏನು ತಿನ್ನುತ್ತೆ?"

"ಗಂಜಿ."

"ಗಂಜಿ ಜೊತೆಗೆ?"

"ಉಪ್ಪು."

"ಮನೇಲಿ ಕರಾವು ಇದೆಯಾ?"

"ಎರಡು ಎಮ್ಮೆ ಅವೆ."

"ಹಾಲು ಯಾರು ಕುಡೀತಾರೆ?"

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಪಟ್ಟಣದವರು" ಅಂದರು ಕೊನೆಗೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಚೀಟಿ ಬರೆದು ಮಗುವನ್ನು ವಾರ್ಡಿಗೆ ಸೇರಿಸಿದರು. ಯಜಮಾನರು ಎಮ್ಮೆ ನೋಡಿಕೊಳ್ಳಲು ಊರಿಗೆ ಹೋದರು. ನಾನು ಮಗುವಿನ ಜೊತೆ ಉಳಿದೆ. ಆಗ ನನಗೆ ಐದು ತಿಂಗಳು.

ಅಲ್ಲಿಯ ಚಿಕಿತ್ಸೆ ನೋಡಿ ನನಗೆ ಮೊದಲು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಹಾಲು. ಪುಡಿಯಿಂದ ಕಲಸಿದ ಹಾಲು, ಸ್ವಲ್ಪ ಸಕ್ಕರೆ, ಎಣ್ಣೆ. ಎರಡು ಗಂಟೆಗೊಮ್ಮೆ ಚಮಚದಲ್ಲಿ ನಾಲ್ಕು ನಾಲ್ಕು ಗುಟುಕು, ಜಾಸ್ತಿ ಕೊಡುವ ಹಾಗಿಲ್ಲ. ಜೊತೆಗೆ ಔಷಧಿ. ಮೂರನೆಯ ನೀರು ಬಿದ್ದಿರಲಿಲ್ಲ. ಪಥ್ಯ ಮುರಿದರೆ ಅಮ್ಮ ಮುನಿಯುತ್ತಾಳೆ ಅಂತ ಹೆದರಿಕೆ. ಮೊದಲ ಚಮಚ ಬಾಯಿಗಿಡುವಾಗ, "ತಪ್ಪಾಯ್ತು ತಾಯೀ, ಏನಿದ್ರೂ ನನ್ನ ಮ್ಯಾಲೆ ಹಾಕು" ಅಂತ ಬೇಡಿಕೊಂಡೆ. ಮಗು ನುಂಗಿತು. ಅದರ ಮುಖದಲ್ಲಿ ಬೇಕು ಅಂತಲೂ ಇರಲಿಲ್ಲ, ಬೇಡ ಅಂತಲೂ ಇರಲಿಲ್ಲ.

ಪಕ್ಕದ ಮಂಚದಲ್ಲಿ ಯಶವಂತಪುರದ ಮೆಹಬೂಬಿ ಇದ್ದರು. ಅವರ ಮಗಳು ನೂರಿಗೂ ಇದೇ ಕಾಯಿಲೆ. ನಮಗಿಂತ ಎರಡು ವಾರ ಮುಂಚೆ ಬಂದಿದ್ದರು. ಬಟ್ಟೆ ಎಲ್ಲಿ ಒಗೆಯಬೇಕು, ಬಿಸಿನೀರು ಯಾವಾಗ ಸಿಗುತ್ತದೆ, ಯಾವ ಸಿಸ್ಟರ್ ಗದರುತ್ತಾರೆ, ಯಾವ ಸಿಸ್ಟರ್ ಗದರಿದರೂ ಒಳ್ಳೆಯವರು, ಎಲ್ಲ ಅವರೇ ಹೇಳಿಕೊಟ್ಟರು. ನನ್ನ ಹೊಟ್ಟೆ ನೋಡಿ ತಮ್ಮ ದಿಂಬು ನನ್ನ ಬೆನ್ನಿಗೆ ಕೊಟ್ಟರು. ಮೂಲೆಯ ಮಂಚದಲ್ಲಿ ಇನ್ನೊಂದು ಮಗು ಇತ್ತು. ಒಂದು ಬೆಳಿಗ್ಗೆ ಆ ಮಂಚಕ್ಕೆ ಹೊಸ ದುಪ್ಪಟಿ ಹಾಸಿದ್ದರು. ಮೆಹಬೂಬಿ ನನ್ನ ಕೈ ಹಿಡಿದುಕೊಂಡರು.

ನಾಲ್ಕನೆಯ ದಿನದಿಂದ ಜಯ ಇಳಿಯತೊಡಗಿದಳು. ಕೆನ್ನೆ ಹೋಯಿತು. ಕೈ ಹೋಯಿತು. ಎಂಟನೆಯ ದಿನ ಎತ್ತಿಕೊಂಡರೆ ಕೈಯಲ್ಲಿ ಭಾರವೇ ಇಲ್ಲ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು, ತೊಡೆಯ ಚರ್ಮ ಜೋತು ಬಿದ್ದಿತ್ತು. ತೂಕ ಹಾಕಿದ ಸಿಸ್ಟರ್ ಕಮ್ಮಿಯಾಗಿದೆ ಅಂತ ಬರೆದುಕೊಂಡು, "ಒಳ್ಳೇದು" ಅಂದರು. ತೂಕ ಕಮ್ಮಿಯಾದರೆ ಒಳ್ಳೆಯದು ಅನ್ನುವ ಇವರು ಎಂಥ ಜನ ಅಂದುಕೊಂಡೆ.

ಅವತ್ತೇ ಅತ್ತೆ ಬಂದರು, ಮಗನ ಜೊತೆ. ಮಂಚದ ಹತ್ತಿರ ಬಂದು ಮೊದಲು ಆಚೀಚೆ ನೋಡಿದರು. ತಮ್ಮ ಮೊಮ್ಮಗಳು ಇದೇ ಅಂತ ಅವರಿಗೆ ಗುರುತೇ ಸಿಗಲಿಲ್ಲ. ಸಿಕ್ಕಿದ ಮೇಲೆ ಎದೆ ಹೊಡೆದುಕೊಂಡರು.

"ಅಯ್ಯೋ, ತುಂಬ್ಕೊಂಡಿದ್ದ ಮಗೂನ ಒಣಗಿಸಿಬಿಟ್ರಲ್ಲೋ! ಮೂರ್ನೇ ನೀರಾಕ್ದೆ ಆಲು ಕುಡಿಸವ್ರೆ, ಅಮ್ಮ ಬುಟ್ಟಾಳಾ? ನಡಿ ಮನೀಗೆ. ಸಾಯೋದಾದ್ರೆ ನಮ್ಮನೇಲೇ ಸಾಯ್ಲಿ. ನಡಿಯವ್ವ ಗೌರಿ, ಎತ್ಕೋ."

ನಾನು ಎತ್ತಿಕೊಂಡೆ. ಸುಳ್ಳು ಹೇಳುವುದಿಲ್ಲ, ನನಗೂ ಹಾಗೇ ಅನ್ನಿಸಿತ್ತು. ಎಂಟು ದಿನದಿಂದ ನಾನೇ ಕೈಯಾರೆ ಚಮಚದಲ್ಲಿ ಮಗುವನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತ್ತು. ಬಟ್ಟೆ ಗಂಟು ಕಟ್ಟಿದೆ. ಯಜಮಾನರು "ಡಾಕ್ಟ್ರನ್ನ ಒಂದು ಮಾತು ಕೇಳಾನ ಅವ್ವ" ಅಂತ ಗೊಣಗಿದರು, ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಹಬೂಬಿ ಎದ್ದು ಬಂದು ನನ್ನ ದಾರಿಗೆ ಅಡ್ಡ ನಿಂತರು. "ನಮ್ದು ನೂರೀನೂ ಇಂಗೇ ಆಗಿದ್ಳು ಅಕ್ಕಾ. ನಾನೂ ಗಂಟು ಕಟ್ಟಿದ್ದೆ. ಇವತ್ತು ನೋಡು ಅವಳನ್ನ" ಅಂದರು. ನೂರಿ ಮಂಚದ ಮೇಲೆ ಕೂತು ಬನ್ನು ಕಚ್ಚುತ್ತಿದ್ದಳು. ಗುಂಡಗಿರಲಿಲ್ಲ ಅವಳು, ಸಣ್ಣಗೇ ಇದ್ದಳು, ಆದರೆ ಕಣ್ಣು ಎಲ್ಲ ಕಡೆ ಓಡಾಡುತ್ತಿತ್ತು.

ಗಲಾಟೆ ಕೇಳಿ ಡಾಕ್ಟರು ಬಂದರು. ನನ್ನನ್ನಲ್ಲ, ಅತ್ತೆಯನ್ನು ಕೂರಿಸಿಕೊಂಡು ಮಾತಾಡಿದರು. "ಅಜ್ಜೀ, ಇಷ್ಟು ದಿನ ನೀವು ನೋಡಿದ್ದು ಮಗೂನ ಅಲ್ಲ, ನೀರನ್ನ. ನೀರು ಹೋಯ್ತು. ಈಗ ಕಾಣ್ತಾ ಇದೆಯಲ್ಲ, ಇಷ್ಟೇ ಉಳಿದಿರೋದು ನಿಮ್ಮ ಮಗು. ಇದಕ್ಕೆ ಇನ್ಮೇಲೆ ಮೈ ಹತ್ತಬೇಕು. ಇವತ್ತು ಕರ್ಕೊಂಡು ಹೋದ್ರೆ ಉಳಿಯಲ್ಲ."

ನನಗೆ ಆಚಾರ್ರ ಹೆಬ್ಬೆರಳು ಕಣ್ಣಿಗೆ ಕಟ್ಟಿತು. ಇಬ್ಬರೂ ನೀರು ಅಂದರು. ಒಬ್ಬರಿಗೊಬ್ಬರು ಗೊತ್ತಿಲ್ಲ, ಒಬ್ಬರು ಬೆಳ್ಳಿ ಕೆಲಸದವರು, ಒಬ್ಬರು ಔಷಧಿ ಕೆಲಸದವರು. ಇಬ್ಬರಿಗೂ ನನ್ನ ಮಗಳ ಮೇಲೆ ಯಾವ ಹಟವೂ ಇರಲಿಲ್ಲ. ಗಂಟು ಕೆಳಗಿಟ್ಟೆ.

"ನಾನು ಬರಲ್ಲ ಅತ್ತೆ" ಅಂದೆ. ಮದುವೆಯಾಗಿ ಮೂರು ವರ್ಷದಲ್ಲಿ ಅವರಿಗೆ ಮೊದಲ ಸಲ ಎದುರು ಮಾತಾಡಿದ್ದೆ. "ಮೂರು ದಿನ ಕೊಡಿ. ಆಮೇಲೆ ನೀವು ಹೇಳಿದಂಗೆ."

"ಈ ಮಗೀಗೇನಾದ್ರೂ ಆದ್ರೆ ನೀನು ನಮ್ಮನೆ ಹೊಸಲು ತುಳೀಬ್ಯಾಡ" ಅಂದು ಅತ್ತೆ ಎದ್ದು ಹೋದರು. ಯಜಮಾನರು ಅವರ ಹಿಂದೆ ಹೋಗುತ್ತಾ ನನ್ನ ಕಡೆ ತಿರುಗಿ ಒಂದು ಸಲ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ಹಿಡಿದುಕೊಂಡು ಆ ಮೂರು ದಿನ ಕಳೆದೆ.

ಮೊದಲನೆಯ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಚಮಚ, ಗುಟುಕು, ಒದ್ದೆ ಬಟ್ಟೆ, ಮತ್ತೆ ಚಮಚ. ಹೊಟ್ಟೆಯೊಳಗಿನ ಮಗು ಒದೆಯುತ್ತಿತ್ತು, ಮಡಿಲಲ್ಲಿದ್ದ ಮಗು ಅಲ್ಲಾಡುತ್ತಿರಲಿಲ್ಲ. ತಪ್ಪು ಮಾಡಿದೆನಾ ಅಂತ ಗಳಿಗೆಗೊಂದು ಸಲ ಕೇಳಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಸಿಸ್ಟರ್ ಜಯಳ ಕೈಗೆ ಅರ್ಧ ಬಾಳೆಹಣ್ಣು ಕೊಟ್ಟು ಹೋಗಿದ್ದರು. ಅವಳು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನೂರಿ ಮಂಚ ಇಳಿದು ತಟ್ಟಾಡುತ್ತಾ ಬಂದು ಆ ಹಣ್ಣಿಗೆ ಕೈ ಹಾಕಿದಳು. ಮೆಹಬೂಬಿ "ಅರೆ ಅರೆ" ಅಂತ ಎದ್ದರು. ಅಷ್ಟರಲ್ಲಿ ಜಯ ಹಣ್ಣನ್ನು ಎದೆಗೆ ಅವುಚಿಕೊಂಡು ಕಿರುಚಿದಳು.

"ನಂದು!"

ಎರಡು ತಿಂಗಳಿಂದ ಮಾತಾಡದ ಮಗು. ಒಂದೇ ಮಾತು, ಅದೂ ಜಗಳದ ಮಾತು. ಆಮೇಲೆ ಹಣ್ಣನ್ನು ಕೈಯೆಲ್ಲ ಮುದ್ದೆಯಾಗುವ ಹಾಗೆ ಬಾಯಿಗೆ ತುರುಕಿಕೊಂಡಳು, ನೂರಿಯನ್ನು ದುರುಗುಟ್ಟಿ ನೋಡಿಕೊಂಡೇ. ಹಣ್ಣು ಸಿಗದೆ ನೂರಿ ಅಳತೊಡಗಿದಳು. ಮೆಹಬೂಬಿಯೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಏನಾಯಿತೋ ಅಂತ ಓಡಿ ಬಂದ ಸಿಸ್ಟರ್ ನಮಗೆ ಚೆನ್ನಾಗಿ ಬೈದರು. ಅಷ್ಟು ಸಿಹಿಯಾದ ಬೈಗುಳ ನಾನು ಮತ್ತೆ ಕೇಳಲಿಲ್ಲ.

ಸಂಜೆ ಯಜಮಾನರು ಒಬ್ಬರೇ ಬಂದರು. ಅಪ್ಪನನ್ನು ನೋಡಿ ಜಯ ಮೂತಿ ಉಬ್ಬಿಸಿದಳು, ಆಮೇಲೆ ಸ್ವಲ್ಪವೇ ನಕ್ಕಳು. ಅವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಮನೆಗೆ ಕರೆದುಕೊಂಡು ಹೋಗುವ ಮಾತು ಮತ್ತೆ ಬರಲಿಲ್ಲ.

ಇನ್ನೂ ಐದು ವಾರ ಅಲ್ಲಿದ್ದೆವು. ಹೊರಡುವಾಗ ಡಾಕ್ಟರು ಹೇಳಿದ್ದು ಇಷ್ಟೇ. ರಾಗಿ, ಹುರಿಗಡಲೆ, ಕಡಲೆಕಾಯಿ ಬೀಜ ಪುಡಿ ಮಾಡಿ ಬೆಲ್ಲ ಹಾಕಿ ಕೊಡಿ, ಸೊಪ್ಪು ಬೇಳೆ ಕೊಡಿ, ಮೊಟ್ಟೆ ಕೊಡಿ, ಭೇದಿಯಾದರೂ ಊಟ ನಿಲ್ಲಿಸಬೇಡಿ. ಎಲ್ಲ ನಮ್ಮ ಮನೆಯಲ್ಲೇ ಇದ್ದದ್ದು. ದೂರದಿಂದ ತರಬೇಕಾದದ್ದು ಒಂದೂ ಇರಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಯಲಹಂಕಕ್ಕೆ ಹೋಗಿ ಬೆಸುಗೆ ಹಾಕಿದ ಕಡಗ ತಂದೆವು. ಮನೆಯಲ್ಲಿ ಅತ್ತೆ ಬಾಗಿಲಿಗೆ ಬಂದು ಆರತಿ ಎತ್ತಿದರು. ನನಗೆ ಹೊಸಲು ತುಳಿಯಬೇಡ ಅಂದದ್ದನ್ನು ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ. ಮಾರನೆಯ ದಿನ ನಸುಕಿನಲ್ಲೇ ಎದ್ದು ಹಂಡೆಯಲ್ಲಿ ನೀರು ಕಾಯಿಸಿ, ಬೇವಿನ ಸೊಪ್ಪು ಹಾಕಿ, ಜಯಳಿಗೆ ಮೂರನೆಯ ನೀರು ತಾವೇ ಹಾಕಿದರು. ಗುಡಿಗೆ ತಂಬಿಟ್ಟಿನ ಆರತಿ ಹೋಯಿತು. ಬಂದು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಡಗ ಹಾಕಿದರು. ಕಡಗ ಸಡಿಲವಾಗಿ ತಿರುಗುತ್ತಿತ್ತು.

ಆಮೇಲೆ ಅತ್ತೆ ಒಂದು ಕೆಲಸ ಮಾಡಿದರು. ಮಗುವಿನ ಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಬೆರಳು ತೆಗೆದರು. ಚರ್ಮ ಹಾಗೇ ಎದ್ದು ಬಂತು, ಗುರುತೇ ಉಳಿಯಲಿಲ್ಲ. ಇನ್ನೊಂದು ಕಡೆ ಒತ್ತಿದರು, ಮತ್ತೊಂದು ಕಡೆ. ಜಯ ಕಚಗುಳಿಯಾಗಿ ಕಿಲಕಿಲ ನಗುತ್ತಿದ್ದಳು. ನಿಲ್ಲಿಸುತ್ತಾರೇನೋ ಅಂತ ನಾನು ನೋಡಿದೆ, ಅವರು ಒತ್ತುತ್ತಲೇ ಇದ್ದರು.

"ಈಗ ಕುಳಿ ಬೀಳಾಕಿಲ್ಲ" ಅಂದರು.

"ಇಲ್ಲ ಅತ್ತೆ, ಗುಣ ಆಗವ್ಳೆ."

"ನನ್ನ ಕೆಂಚಂಗೆ ಬೀಳ್ತಿತ್ತು ಕಣವ್ವ." ಅವರ ಬೆರಳು ಇನ್ನೂ ಮಗುವಿನ ಕಾಲ ಮೇಲೇ ಇತ್ತು. "ಎಷ್ಟು ಮೆತ್ತಗವ್ನೆ ನನ್ನ ಮಗ ಅಂತ ದಿನಾ ಒತ್ತೊತ್ತಿ ಆಟ ಆಡ್ತಿದ್ದೆ. ಕುಳಿ ಬಿದ್ದಿದ್ದಕ್ಕೆ ಮುತ್ತು ಕೊಡ್ತಿದ್ದೆ."

ಇಪ್ಪತ್ತೈದು ವರ್ಷ ಅವರು ಊರಿನ ಕಣ್ಣಿಗೆ ಶಾಪ ಹಾಕಿಕೊಂಡು ಬಂದಿದ್ದರು. ನಾನು ಹೋಗಿ ಅವರ ಪಕ್ಕ ಕೂತೆ. ಅವರು ಜಯಳನ್ನು ಕಂಕುಳಿಗೆ ಎತ್ತಿಕೊಂಡು ಎದ್ದು ಕೊಟ್ಟಿಗೆಗೆ ಹೋದರು. ಪಟ್ಟಣಕ್ಕೆ ಅಂತ ಸೈಕಲ್ಲಿಗೆ ಕಟ್ಟಿದ್ದ ಕ್ಯಾನಿನ ಮುಚ್ಚಳ ತೆಗೆದು, ದೊಡ್ಡ ಚೊಂಬು ಮುಳುಗಿಸಿ ಹಾಲು ತುಂಬಿಕೊಂಡು ಬಂದು ಒಲೆಯ ಮೇಲಿಟ್ಟರು. ಹಾಲು ಕಾಯುವವರೆಗೂ ಜಯಳನ್ನು ಕೆಳಗಿಳಿಸಲಿಲ್ಲ.